ನೈಟಿ ಅಲ್ಲವ್ವಾ, ರೀಜೆನ್ಸಿ ಗೌನು

ಹುಬ್ಬಳ್ಳಿಯಿಂದ ಅವ್ವನ ವಿಡಿಯೋ ಕಾಲ್ ಬಂದಾಗ ನಾನು ಬಿಳಿ ಮಲ್ಮಲ್ ಗೌನನ್ನು ಬಾಗಿಲಿಗೆ ನೇತುಹಾಕಿ, ಸೂಜಿ ಬಾಯಲ್ಲಿ ಕಚ್ಚಿಕೊಂಡು ದಿಟ್ಟಿಸುತ್ತ ಕೂತಿದ್ದೆ. ಅವ್ವ ಕನ್ನಡಕ ಏರಿಸಿ ನೋಡಿದಳು.

"ನೈಟಿ ಚಲೋ ಐತಿ. ಆದ್ರ ನಡಾ ಯಾಕ ಎದಿ ಮ್ಯಾಲ ಹತ್ತೇತಿ?"

"ನೈಟಿ ಅಲ್ಲವ್ವಾ. ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನ ಗೌನು."

"ಹೌದೇನು. ಹಿಂದ ತಿರುಗಿಸು ನೋಡೂಣು." ತಿರುಗಿಸಿದೆ. "ಬೆನ್ನಾಗ ಏನೂ ಇಲ್ಲಲ್ಲಬೇ. ಮುಂದ ಟಕ್ ಹಾಕಿ, ಹಿಂದ ಸಪಾಟ್ ಬಿಟ್ಟೀ. ಹಂಗಾಗೇ ನೈಟಿ ಕಂಡಂಗ ಕಾಣ್ತೈತಿ."

ಮೂವತ್ತೈದು ವರ್ಷ ಬ್ಲೌಸು ಹೊಲಿದ ಕಣ್ಣು. ಗೌನಿನ ಕಾಲ ಗೊತ್ತಿಲ್ಲ, ದೇಶ ಗೊತ್ತಿಲ್ಲ, ತಪ್ಪು ಮಾತ್ರ ಅರ್ಧ ನಿಮಿಷದಲ್ಲಿ ಹಿಡಿದಳು. ಆ ಗೌನು ನನ್ನ ಎರಡನೇ ಪ್ರಯತ್ನ. ಮೊದಲನೆಯದರ ಬಟ್ಟೆ ಅಷ್ಟರಲ್ಲಾಗಲೇ ಅಡುಗೆಮನೆಯ ಒರೆಸುವ ಅರಿವೆಯಾಗಿತ್ತು.

ನಾನಿರುವುದು ಬ್ರಿಸ್ಟಲ್‌ನಲ್ಲಿ. ಒಂದು ಸಣ್ಣ ಅಂಗಡಿಯಲ್ಲಿ ಆಲ್ಟರೇಶನ್ ಕೆಲಸ: ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಮದುವೆ ಗೌನಿನ ಬದಿ ಬಿಡಿಸುವುದು, ಜಿಪ್ಪು ಬದಲಿಸುವುದು. ಇಲ್ಲಿಂದ ರೈಲಿನಲ್ಲಿ ಕಾಲು ಗಂಟೆ ಹೋದರೆ ಬಾತ್ ಊರು. ಕಾದಂಬರಿಕಾರ್ತಿ ಜೇನ್ ಆಸ್ಟಿನ್ 1801ರಿಂದ 1806ರವರೆಗೆ ಅಲ್ಲಿ ವಾಸವಿದ್ದಳು. ಆಕೆಯ ಹೆಸರಿನಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಉತ್ಸವ ನಡೆಯುತ್ತದೆ. ಒಂದು ದಿನ ಜನ ರೀಜೆನ್ಸಿ ಕಾಲದ ಉಡುಪು ತೊಟ್ಟು ಊರ ತುಂಬ ಮೆರವಣಿಗೆ ಹೋಗುತ್ತಾರೆ. ಜೊತೆಗೆ ಕೆಲಸ ಮಾಡುವ ಗೆಳತಿ "ಬಾರೇ, ಬಾಡಿಗೆಗೆ ತಂದರಾಯಿತು" ಅಂದಳು. ಹೊಲಿಗೆಯವಳು ಬಾಡಿಗೆ ಬಟ್ಟೆ ಹಾಕಿಕೊಳ್ಳುವುದೆಂದರೆ ಅಡುಗೆಭಟ್ಟ ಖಾನಾವಳಿಯಿಂದ ಬುತ್ತಿ ತರಿಸಿಕೊಂಡಂತೆ. ಹೊಲಿದೇ ಹಾಕಿಕೊಳ್ಳುತ್ತೇನೆ, ಅದೂ ಕೈಯಲ್ಲೇ ಅಂದೆ. ಆಡಿದ ಮಾತು ಮಾರ್ಚ್‌ನಿಂದ ಸೆಪ್ಟೆಂಬರಿನವರೆಗೆ ರಾತ್ರಿಯ ನಿದ್ದೆ ತಿಂದಿತು.

ರೀಜೆನ್ಸಿ ಅಂದರೆ ಲೆಕ್ಕಕ್ಕೆ 1811ರಿಂದ 1820. ಮೂರನೇ ಜಾರ್ಜ್ ದೊರೆಗೆ ಬುದ್ಧಿಭ್ರಮಣೆಯಾಗಿ ಮಗ ರೀಜೆಂಟನಾಗಿ ಆಡಳಿತ ನೋಡಿಕೊಂಡ ಒಂಬತ್ತು ವರ್ಷ. ಆದರೆ ನಡು ಎದೆಯ ಕೆಳಗೇ ಬರುವ ಈ ಉದ್ದ ಗೌನಿನ ಶೋಕಿ ಅದಕ್ಕೂ ಮುಂಚೆ, 1790ರ ದಶಕದಲ್ಲೇ ಶುರುವಾಗಿತ್ತು. ಗ್ರೀಕ್ ಶಿಲ್ಪಗಳ ಬಿಳಿ ನೆರಿಗೆಯ ಬಟ್ಟೆಯೇ ಅದರ ಮಾದರಿ. ನಾನು ಆರಿಸಿಕೊಂಡದ್ದು 1810ರ ಆಸುಪಾಸಿನ ಹಗಲು ಉಡುಪು. ಆ ಹೊತ್ತಿಗೆ ಹಿಂದೆ ಎಳೆದಾಡುವ ಬಾಲ ಹೋಗಿ, ಅಂಚು ಹಿಮ್ಮಡಿಯ ಮಟ್ಟಕ್ಕೆ ಬಂದಿತ್ತು. ಬಸ್ಸು ರೈಲು ಹತ್ತಿಳಿಯುವವಳಿಗೆ ಅದೇ ವಾಸಿ.

ಮೊದಲು ಒಳಗಿನಿಂದ ಶುರುಮಾಡಬೇಕು. ಇದನ್ನು ನಾನು ಕಲಿತದ್ದು ಕೆಡಿಸಿದ ಮೇಲೆ. ಮೊದಲನೇ ಗೌನನ್ನು ನನ್ನ ಮಾಮೂಲಿ ಬ್ರಾ ಮೇಲೆ ಅಳತೆ ತೆಗೆದು ಕತ್ತರಿಸಿದ್ದೆ. ಆ ಕಾಲದ ಸ್ಟೇಸ್ ಅನ್ನುವ ಒಳಕವಚ ಎದೆಯನ್ನು ಎಷ್ಟು ಮೇಲಕ್ಕೆ ಎತ್ತುತ್ತದೆ ಅಂದರೆ, ನಾನು ಗುರುತು ಹಾಕಿದ್ದ ನಡುಪಟ್ಟಿ ಎಲ್ಲೋ ಪಕ್ಕೆಲುಬಿನ ಮೇಲೆ ಬಂದು ಕೂತಿತು. ಹಾಗಾಗಿ ಮೊದಲು ಶಿಫ್ಟು ಅನ್ನುವ ಸಡಿಲ ಒಳಅಂಗಿ, ಅದರ ಮೇಲೆ ಸ್ಟೇಸ್, ಅದರ ಮೇಲೆ ಪೆಟಿಕೋಟು. ಇವು ಮೂರು ಮುಗಿಯುವವರೆಗೆ ಗೌನಿನ ಬಟ್ಟೆಗೆ ಕತ್ತರಿ ಮುಟ್ಟಿಸಬಾರದು.

ಶಿಫ್ಟಿಗೆ ಲಿನನ್ ಬೇಕಿತ್ತು. ಆನ್‌ಲೈನಿನಲ್ಲಿ ಶುದ್ಧ ಲಿನನ್ ಅಂತ ಬರೆದದ್ದನ್ನು ನಂಬಿ ತರಿಸಿದೆ. ಬಂದದ್ದನ್ನು ಮುಟ್ಟಿದರೆ ಏನೋ ಜಾರುತ್ತಿತ್ತು. ಅಂಚಿನಿಂದ ನಾಲ್ಕು ಎಳೆ ಕಿತ್ತು ಸಿಂಕಿನ ಮೇಲೆ ಹಿಡಿದು ಕಡ್ಡಿ ಗೀರಿದೆ. ಅಪ್ಪಟ ಲಿನನ್ನಾಗಿದ್ದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿ ಉದುರಬೇಕು. ಇದರ ಎರಡು ಎಳೆ ಹಾಗೇ ಉರಿದವು, ಇನ್ನೆರಡು ಮುದುಡಿ ಕರಗಿ, ಕಪ್ಪು ಸಾಸಿವೆಕಾಳಿನಂಥ ಗಟ್ಟಿ ಗುಂಡಾದವು. ಅರ್ಧ ಪಾಲಿಯೆಸ್ಟರ್. ವಾಪಸು ಕಳಿಸಿದೆ, ದುಡ್ಡು ಬರುವಷ್ಟರಲ್ಲಿ ಒಂದೂವರೆ ತಿಂಗಳು ಹೋಯಿತು. ನೀವು ಯಾರಾದರೂ ಇಂಥದಕ್ಕೆ ಕೈಹಾಕಿದರೆ ಮೊದಲು ಒಂದು ಗೇಣು ಮಾತ್ರ ತರಿಸಿ ಸುಟ್ಟು ನೋಡಿ.

ಶಿಫ್ಟು ಕತ್ತರಿಸುವುದು ಖುಷಿಯ ಕೆಲಸ. ಬರೀ ಆಯತ, ಚೌಕ, ತ್ರಿಕೋನ. ಮೇಲಿನ ಭಾಗದಲ್ಲಿ ಓರೆಯಾಗಿ ಕತ್ತರಿಸಿದ ತುಂಡೇ ಕೆಳಗೆ ಘೇರಿಗೆ ಬದಿಪಟ್ಟಿಯಾಗುತ್ತದೆ. ಚಿಂದಿ ಅಂತ ಬಿಸಾಡುವುದಕ್ಕೆ ಏನೂ ಉಳಿಯುವುದಿಲ್ಲ. ಕಂಕುಳಲ್ಲಿ ಒಂದು ಚೌಕದ ತುಂಡು ಓರೆಯಾಗಿ ಕೂರುತ್ತದೆ, ಕೈ ಎತ್ತಿದಾಗ ಹರಿಯದಿರಲಿ ಅಂತ. ನಮ್ಮಜ್ಜಿಯ ಖಣದ ಕುಬಸದ ಕಂಕುಳಲ್ಲೂ ಇಂಥದೇ ತುಂಡಿತ್ತು, ಬೇರೆ ಬಣ್ಣದ್ದು. ಬಟ್ಟೆ ಸಾಲದೆ ಹಚ್ಚಿದ ತೇಪೆ ಅಂದುಕೊಂಡಿದ್ದೆ ಚಿಕ್ಕವಳಿದ್ದಾಗ.

ಸ್ಟೇಸ್ ಅಂದಕೂಡಲೇ ಉಸಿರುಗಟ್ಟುವ, ನಡು ಮುರಿಯುವ ಕಾರ್ಸೆಟ್ ನೆನಪಾಗುತ್ತದಲ್ಲ, ಅದು ಮುಂದಿನ ಕಾಲದ್ದು. ನಡುವೇ ಕಾಣದ ಗೌನಿನೊಳಗೆ ನಡು ಬಿಗಿದು ಏನು ಪ್ರಯೋಜನ? ಇದರ ಕೆಲಸ ಎದೆಯನ್ನು ಎತ್ತಿ ಎರಡು ಕಡೆಗೆ ಬಿಡಿಸಿ ನಿಲ್ಲಿಸುವುದು. ಉದ್ದನೆಯ ಸ್ಟೇಸಾದರೆ ಎದೆಯ ನಡುವಿನಿಂದ ಹೊಟ್ಟೆಯವರೆಗೆ ಬಸ್ಕ್ ಅನ್ನುವ ಒಂದು ಮರದ ಪಟ್ಟಿ ಇಳಿಯುತ್ತದೆ. ನಾನು ಅದಕ್ಕೆ ಮರದ ಅಡಿಪಟ್ಟಿಯೊಂದನ್ನು ಮರಳುಕಾಗದದಲ್ಲಿ ಉಜ್ಜಿ ನುಣುಪು ಮಾಡಿ ತೂರಿಸಿದೆ. ಬೆನ್ನಲ್ಲಿ ದಾರ ಪೋಣಿಸಲು 26 ತೂತು. ಲೋಹದ ರಿಂಗು ಆಗಿನ್ನೂ ಬಂದಿರಲಿಲ್ಲ. ದಬ್ಬಳದಿಂದ ಎಳೆಗಳನ್ನು ಕತ್ತರಿಸದೆ ಬರೀ ಸರಿಸಿ ತೂತು ಮಾಡಿ, ಸುತ್ತಲೂ ಒತ್ತಾಗಿ ದಾರ ಸುತ್ತಬೇಕು. ಕಾಜಾ ಕಟ್ಟಿ ಅಭ್ಯಾಸವಿದ್ದವರಿಗೆ ಕಷ್ಟವಲ್ಲ, ಬೇಸರ. ಒಂದು ತೂತಿಗೆ ಹತ್ತು ನಿಮಿಷ ಲೆಕ್ಕ ಹಾಕಿಕೊಳ್ಳಿ. ದಾರಕ್ಕೆ ಜೇನುಮೇಣ ಸವರಿಕೊಂಡರೆ ಸಿಕ್ಕುಗಟ್ಟುವುದಿಲ್ಲ.

ಹಾಕಿಕೊಂಡ ಮೊದಲ ದಿನ ಇನ್ನೊಂದು ಗೊತ್ತಾಯಿತು. ಬಗ್ಗಲಾಗುವುದಿಲ್ಲ. ಹಾಗಾಗಿ ಕಾಲುಚೀಲ, ಬೂಟು ಮೊದಲು, ಸ್ಟೇಸ್ ಆಮೇಲೆ.

ಇನ್ನು ಗೌನಿನ ಮೈ. ಅವ್ವ ಹೇಳಿದ "ಬೆನ್ನಾಗ ಏನೂ ಇಲ್ಲ" ಅನ್ನುವ ಮಾತಿಗೆ ಬರುತ್ತೇನೆ, ಇಡೀ ಕೆಲಸ ಇರುವುದೇ ಅಲ್ಲಿ.

ಸೀರೆಯ ಬ್ಲೌಸು ಹೊಲಿಯುವವರ ಕೈ ಮುಂಭಾಗಕ್ಕೆ ಒಗ್ಗಿರುತ್ತದೆ. ಕಟೋರಿ ಇರಲಿ, ನಾಲ್ಕು ಟಕ್ಕಿನದಿರಲಿ, ಫಿಟಿಂಗ್ ಅಂದರೆ ಎದೆಯ ಟಕ್ಕು. ಬೆನ್ನು ಸುಲಭ, ಕೊರಳು ಎಷ್ಟು ಆಳ ಬೇಕು ಅಂತ ಕೇಳಿ ಕತ್ತರಿಸಿದರಾಯಿತು. ರೀಜೆನ್ಸಿ ಗೌನಿನಲ್ಲಿ ಮುಂಭಾಗಕ್ಕೆ ಟಕ್ಕೇ ಇಲ್ಲ. ಸಡಿಲ ಬಟ್ಟೆಗೆ ಲಾಡಿ ಹಾಕಿ ಎಳೆದರೆ ನೆರಿಗೆ ತಾನಾಗಿ ಎದೆಗೆ ಕೂರುತ್ತದೆ. ಬೆನ್ನನ್ನು ಮಾತ್ರ ಕಿರಿದು ಮಾಡುತ್ತಾರೆ. ಭುಜದ ಹೊಲಿಗೆ ಭುಜದ ಮೇಲೆ ಇರುವುದಿಲ್ಲ, ನಾಲ್ಕು ಬೆರಳು ಹಿಂದಕ್ಕೆ ಇಳಿದಿರುತ್ತದೆ. ಎರಡು ಬದಿಯ ಹೊಲಿಗೆಗಳು ಬಳುಕುತ್ತ ನಡುವಿನ ಕಡೆ ಒಂದಕ್ಕೊಂದು ಹತ್ತಿರವಾಗುತ್ತವೆ. ಎಲ್ಲ ಸೇರಿ ಬೆನ್ನಿನ ಮೇಲೆ ಒಂದು ಗಾಳಿಪಟ ಇಟ್ಟಂತೆ ಕಾಣುತ್ತದೆ. ಬ್ಲೌಸಿಗೆ 13.5 ಇಂಚು ಇಡುವ ನನ್ನ ಬೆನ್ನಗಲಕ್ಕೆ ಇಲ್ಲಿ 10 ಇಂಚು. ಮ್ಯೂಸಿಯಂನಲ್ಲಿರುವ ಹಳೇ ಗೌನುಗಳ ಅಳತೆಯ ನಕ್ಷೆ ಎದುರಿಗಿದ್ದರೂ ನನ್ನ ಕತ್ತರಿ ಎರಡು ಸಲ ತನ್ನ ಹಳೇ ದಾರಿಯನ್ನೇ ಹಿಡಿದಿತ್ತು. ಇಷ್ಟು ಕಿರಿದಾದರೆ ಕೈ ಹೇಗೆ ಆಡುತ್ತದೆ ಅನ್ನುವ ಭಯ.

ಉತ್ತರ ತೋಳಿನಲ್ಲಿದೆ. ನಾವು ಪಫ್ ತೋಳಿನ ನೆರಿಗೆಯನ್ನು ಭುಜದ ತುದಿಗೆ ಕೊಡುತ್ತೇವೆ. ಇಲ್ಲಿ ನೆರಿಗೆ ಹೆಚ್ಚಾಗಿ ಹಿಂಬದಿಗೆ, ಬೆನ್ನಿನ ಆ ಕಿರಿದು ತುಂಡಿಗೆ ಕೂಡುವ ಕಡೆ. ಕೈ ಮುಂದೆ ಚಾಚಿದಾಗ ಬೇಕಾಗುವ ಬಟ್ಟೆ ಅಲ್ಲಿಂದ ಬರುತ್ತದೆ. ಮೂರನೇ ಸಲ ಹಳೇ ಬೆಡ್‌ಶೀಟಿನಲ್ಲಿ ಬೆನ್ನು ಮತ್ತು ಒಂದೇ ತೋಳು ಹೊಲಿದು, ಹಾಕಿಕೊಂಡು, ಕಪಾಟಿನ ಮೇಲಿನ ಡಬ್ಬಿ ಇಳಿಸಿ ನೋಡಿದೆ. ಇಳಿಯಿತು. ಆದರೆ ಭುಜ ಮುಂದಕ್ಕೆ ಬಾಗಿಸಿ ಕೂರಲು ಅದು ಬಿಡಲಿಲ್ಲ, ಎಳೆದು ನೆಟ್ಟಗೆ ಕೂರಿಸಿತು. ದಿನವಿಡೀ ಮಶಿನ್ನಿನ ಮೇಲೆ ಬಗ್ಗುವ ನನಗೆ ಹಾಗೆ ಯಾರೂ ಗದರಿ ಎಷ್ಟೋ ವರ್ಷವಾಗಿತ್ತು. ಕೆಳಗಿನ ಲಂಗದ ಭಾಗಕ್ಕೂ ಅದೇ ಲೆಕ್ಕ: ಮುಂದೆ ಸಪಾಟು, ನೆರಿಗೆಯೆಲ್ಲ ಬೆನ್ನ ನಡುವಿನ ನಾಲ್ಕಿಂಚಿನಲ್ಲಿ. ಬದಿಯಿಂದ ನೋಡಿದರೆ ಮಾತ್ರ ಈ ಗೌನಿನ ಚಂದ ತಿಳಿಯುತ್ತದೆ. ಮುಂದಿನಿಂದ ನೋಡಿದರೆ ಅವ್ವ ಹೇಳಿದ್ದೇ ಸರಿ.

ಮುಂದೆ ಮುಚ್ಚುವ ಬಗೆ ಇನ್ನೂ ತಮಾಷೆ. ಲಂಗದ ಮುಂಭಾಗ ಎರಡೂ ಬದಿಗೆ ಒಂದು ಗೇಣು ಸೀಳಿರುತ್ತದೆ. ಅದಕ್ಕೇ ಹತ್ತಿದ ಎದೆತುಂಡು ಏಪ್ರನ್ನಿನ ಹಾಗೆ ಕೆಳಗೆ ಜೋತಿರುತ್ತದೆ. ಮೊದಲು ಒಳಗಿನ ಲೈನಿಂಗ್ ತುಂಡುಗಳೆರಡನ್ನು ಎದೆಯ ಕೆಳಗೆ ಒಂದರ ಮೇಲೊಂದು ತಂದು ಪಿನ್ ಹಾಕಬೇಕು. ಆಮೇಲೆ ಲಾಡಿಯನ್ನು ಬೆನ್ನಿಗೆ ಸುತ್ತಿ ತಂದು ಕಟ್ಟಬೇಕು. ಕೊನೆಗೆ ಎದೆತುಂಡನ್ನು ಮೇಲಕ್ಕೆತ್ತಿ ಎರಡೂ ಭುಜಕ್ಕೆ ಪಿನ್. ಜಿಪ್ಪಿಲ್ಲ, ಪ್ರೆಸ್ ಬಟನ್ನಿಲ್ಲ. ಗುಂಡುಪಿನ್ನು ನೆಟ್ಟಗೆ ಚುಚ್ಚಿ ಹೊರಬಂದು ಮತ್ತೆ ಚುಚ್ಚಿದರೆ ನಿಲ್ಲುತ್ತದೆ. ಗೆಳತಿ "ಚುಚ್ಚೋದಿಲ್ವಾ?" ಅಂತ ಹೆದರಿದಳು. ಹದಿನೆಂಟನೇ ವಯಸ್ಸಿನಿಂದ ಸೆರಗಿಗೆ, ನೆರಿಗೆಗೆ ಪಿನ್ ಹಾಕಿಕೊಂಡು ಬಸ್ ಹತ್ತಿದವಳಿಗೆ ಅದೊಂದು ಮಾತೇ?

ಗೌನಿನ ಬಟ್ಟೆ ಹುಬ್ಬಳ್ಳಿಯ ಜವಳಿ ಸಾಲಿನದು, ಹೋದ ಸಲ ಊರಿಗೆ ಹೋದಾಗ ತಂದ ಬಿಳಿ ಮಲ್ಮಲ್. ಬಿಸಿನೀರಿನಲ್ಲಿ ನೆನೆಸಿ ಒಣಗಿಸದೆ ಕತ್ತರಿಸಬೇಡಿ, ಮೀಟರಿಗೆ ಎರಡಿಂಚಾದರೂ ಕುಗ್ಗುತ್ತದೆ. ಆ ಕಾಲದ ಹೆಂಗಸರು ಆಸೆಪಟ್ಟು ಸಾಯುತ್ತಿದ್ದದ್ದು ಇಂಥ ತೆಳು ಬಟ್ಟೆಗೆ. ಹೆಸರಾದದ್ದು ಢಾಕಾದ ಮಸ್ಲಿನ್, ಮೇಘನಾ ನದಿಯ ದಡದಲ್ಲಿ ಬೆಳೆಯುತ್ತಿದ್ದ ಫುಟಿ ಕರ್ಪಾಸ್ ಹತ್ತಿಯದು. ನಾನು ಹೊಲಿದ ಗೌನಿನ ಕಾಲಕ್ಕೆ ಅದರ ಅಂತ್ಯ ಶುರುವಾಗಿತ್ತು. 1779ರಲ್ಲಿ ಸ್ಯಾಮ್ಯುಯೆಲ್ ಕ್ರಾಂಪ್ಟನ್ ಕಟ್ಟಿದ ಮ್ಯೂಲ್ ಯಂತ್ರ ಸಣ್ಣ ನೂಲು ತೆಗೆಯತೊಡಗಿದ ಮೇಲೆ ಲ್ಯಾಂಕಾಶೈರ್, ಗ್ಲಾಸ್ಗೋ ಕಡೆಯ ಮಗ್ಗಗಳೇ ಮಸ್ಲಿನ್ ನೇಯ್ದವು. ಹೊರಗಿನ ಬಟ್ಟೆಗೆ ಸುಂಕ ಬೇರೆ. ಆ ಗಿರಣಿಗಳಿಗೆ ಹೋದ ಹತ್ತಿಯಲ್ಲಿ ಅಮೆರಿಕದ ಗುಲಾಮರು ಬಿಡಿಸಿದ್ದು ವರ್ಷ ವರ್ಷಕ್ಕೆ ಹೆಚ್ಚುತ್ತ ಹೋಯಿತು. ಗುಲಾಮರ ವ್ಯಾಪಾರದಿಂದಲೇ ದುಡ್ಡು ಕಂಡ ಬಂದರು ಬ್ರಿಸ್ಟಲ್‌ನಲ್ಲಿ ಕೂತು ಬಿಳಿ ಬಟ್ಟೆ ಮಡಚುವಾಗ ಇದೆಲ್ಲ ನೆನಪಾಗದೆ ಇರುವುದಿಲ್ಲ.

ಬೆಲೆಯ ವಿಷಯ ನನ್ನನ್ನು ಬಹಳ ದಿನ ಕಾಡಿತು. ಜೇನ್ ಆಸ್ಟಿನ್ 1811ರ ಏಪ್ರಿಲಿನಲ್ಲಿ ಲಂಡನ್ನಿನಿಂದ ಅಕ್ಕ ಕಸಾಂಡ್ರಾಗೆ ಬರೆದ ಕಾಗದದಲ್ಲಿ ಅಂಗಡಿಯ ಲೆಕ್ಕವಿದೆ. ಚೌಕುಳಿ ಮಸ್ಲಿನ್ ಗಜಕ್ಕೆ 7 ಶಿಲ್ಲಿಂಗ್. ಅಲ್ಲೇ ಕಣ್ಣಿಗೆ ಬಿದ್ದ ಬಣ್ಣದ ಮಸ್ಲಿನ್ ಗಜಕ್ಕೆ ಮೂರೂವರೆ ಶಿಲ್ಲಿಂಗಿನಂತೆ 10 ಗಜ, ಅಕ್ಕನಿಗೆ ಹಿಡಿಸಬಹುದು ಅಂತ. ಕೈಯಲ್ಲಿನ ದುಡ್ಡೆಲ್ಲ ಖರ್ಚಾಗುತ್ತಿದೆ ಅಂತ ಪೇಚಾಟ ಬೇರೆ. ಜವಳಿ ಅಂಗಡಿಯಿಂದ ಹೊರಬಂದ ಯಾವ ಅಕ್ಕತಂಗಿಯರ ಮಾತೂ ಹೀಗೇ ಇರುತ್ತದೆ. ಆಗ ಬಟ್ಟೆ ದುಬಾರಿ, ಹೊಲಿಯುವ ಕೈ ಅಗ್ಗ. ಗೌನು ಹಳತಾದರೆ ಬಿಚ್ಚಿ, ತಿರುವಿ, ಹೊಸ ತೋಳು ಇಟ್ಟು ಮತ್ತೆ ಹೊಲಿಸುತ್ತಿದ್ದರು. ಬಟ್ಟೆಗೆ ಕತ್ತರಿ ಹಾಕದೆ ನೆರಿಗೆಯಲ್ಲೇ ಉಳಿಸಿಕೊಳ್ಳುವುದೂ ಅದಕ್ಕೇ. ನನ್ನ ಗೌನಿನದು ಉಲ್ಟಾ ಲೆಕ್ಕ. ಐದೂವರೆ ಮೀಟರ್ ಮಲ್ಮಲ್ ಸಾವಿರ ರೂಪಾಯಿಯೊಳಗೆ ಬಂತು. ಕೈಹೊಲಿಗೆಗೆ ಹಿಡಿದದ್ದು ಡೈರಿಯಲ್ಲಿ ಬರೆದಿಟ್ಟಂತೆ 94 ತಾಸು, ಕಸೂತಿ ಬಿಟ್ಟು. ನಮ್ಮ ಅಂಗಡಿಯ ತಾಸಿನ ದರ ಹಾಕಿ ಗುಣಿಸಿ ನೋಡಿ, ಕಾಗದ ಮಡಚಿ ಇಟ್ಟೆ.

ಕಸೂತಿಯ ಕತೆ ಹೇಳಿಬಿಡುತ್ತೇನೆ. ಅಂಚಿಗೆ ಬಿಳಿ ಮೇಲೆ ಬಿಳಿ ಬಳ್ಳಿ ಬೇಕಿತ್ತು. ಆ ಕಾಲದಲ್ಲಿ ಅದಕ್ಕೆ ಟ್ಯಾಂಬೂರ್ ಕೆಲಸ ಅನ್ನುತ್ತಿದ್ದರು. ಫ್ರೆಂಚಿನಲ್ಲಿ ಟ್ಯಾಂಬೂರ್ ಅಂದರೆ ಡೋಲು, ಬಟ್ಟೆಯನ್ನು ದುಂಡು ಚೌಕಟ್ಟಿಗೆ ಡೋಲಿನ ಚರ್ಮದ ಹಾಗೆ ಬಿಗಿಯುವುದರಿಂದ ಬಂದ ಹೆಸರು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಫ್ರಾನ್ಸಿನ ದೊರೆಯ ಪ್ರೇಯಸಿ ಮದಾಂ ದ ಪೊಂಪದೂರ್ ಇಂಥ ಚೌಕಟ್ಟಿನ ಮುಂದೆ ಕೂತ ದೊಡ್ಡ ಚಿತ್ರವಿದೆ, 1760ರ ದಶಕದ್ದು. ನಾನು ಹತ್ತಿರ ಹೋಗಿ ಆಕೆಯ ಕೈಯಲ್ಲಿನ ಸಲಕರಣೆ ನೋಡಿದೆ. ಹಿಡಿಯಿರುವ ಕೊಕ್ಕೆಸೂಜಿ. ಆರಿ! ಮೇಲೆ ಸೂಜಿ, ಕೆಳಗೆ ದಾರ, ಕೊಕ್ಕೆ ಇಳಿದು ದಾರ ಎತ್ತಿಕೊಂಡು ಬಂದರೆ ಸರಪಳಿ ಹೊಲಿಗೆ. ಹುಬ್ಬಳ್ಳಿಯ ಓಣಿ ಓಣಿಯಲ್ಲಿ "ಆರಿ ವರ್ಕ್ ಕಲಿಸಲಾಗುವುದು" ಅಂತ ಬೋರ್ಡ್ ಇರುತ್ತದಲ್ಲ, ಅದೇ. ಯುರೋಪಿಗೆ ಅದು ಹೋದದ್ದೂ ನಮ್ಮ ಕಡೆಯಿಂದಲೇ. ಇಲ್ಲಿ ಹೊಲಿಗೆ ಗುಂಪಿನವರು ಟ್ಯಾಂಬೂರ್ ಕಲಿಯಲು ವಾರಾಂತ್ಯದ ಕ್ಲಾಸಿಗೆ ದುಡ್ಡು ಕೊಡುತ್ತಾರೆ. ನಾನು ಮದುವಣಗಿತ್ತಿಯರ ಬ್ಲೌಸಿನ ತೋಳಿಗೆ ಮಣಿ ಕೂರಿಸಿ ಕೂರಿಸಿ ಕಲಿತದ್ದನ್ನು ಪೆಟ್ಟಿಗೆಯಿಂದ ತೆಗೆದೆ, ಅಷ್ಟೆ. ನಾಲ್ಕು ಸಂಜೆಯಲ್ಲಿ ಇಡೀ ಅಂಚು ಮುಗಿಯಿತು. ಆರು ತಿಂಗಳಲ್ಲಿ ಒಮ್ಮೆಯೂ ಬಿಚ್ಚದೆ ಹೊಲಿದದ್ದು ಅದೊಂದೇ.

ಮಾವಿನಕಾಯಿ ಬುಟ್ಟಾ ಹಾಕೋಣ ಅನ್ನಿಸಿತ್ತು. ಬೇಡವೆಂದು ಬಿಟ್ಟೆ, ಅದರ ಜಾಗ ಶಾಲಿನ ಮೇಲೆ. ಕಾಶ್ಮೀರದ ಶಾಲುಗಳಿಗೆ ಆಗ ಎಲ್ಲಿಲ್ಲದ ಬೇಡಿಕೆ. ಕೊಳ್ಳಲಾಗದವರಿಗೆ ನಾರಿಚ್, ಎಡಿನ್‌ಬರೊ, ಪೇಸ್ಲಿ ಊರುಗಳಲ್ಲಿ ನಕಲು ನೇಯ್ದರು. ಕೊನೆಗೆ ನಮ್ಮ ಮಾವಿನಕಾಯಿಗೆ ಆ ಸ್ಕಾಟ್ಲೆಂಡಿನ ಊರಿನ ಹೆಸರೇ ಅಂಟಿಕೊಂಡಿತು. ಗ್ರಾಹಕರು ಪೇಸ್ಲಿ ಅಂದಾಗಲೆಲ್ಲ ನನಗೆ ಒಳಗೊಳಗೇ ಸಿಟ್ಟು.

ಸೆಪ್ಟೆಂಬರಿನ ಆ ಶನಿವಾರ ತಯಾರಾಗಲು ಐವತ್ತು ನಿಮಿಷ ಹಿಡಿಯಿತು. ಹಣೆಯ ಬೊಟ್ಟು ತೆಗೆಯಲಿಲ್ಲ. ರೈಲಿನಲ್ಲಿ ಎಲ್ಲರೂ ನೋಡುತ್ತಿದ್ದರು, ಬಾತ್‌ನಲ್ಲಿ ಇಳಿದ ಮೇಲೆ ಯಾರೂ ನೋಡಲಿಲ್ಲ, ಅಲ್ಲಿ ನನ್ನಂಥವರೇ ನೂರಾರು. ಗೇ ಸ್ಟ್ರೀಟಿನ ಏರು ಹತ್ತುವಾಗ ಗಾಳಿ ಬೀಸಿ ಮಲ್ಮಲ್ ಕಾಲಿಗೆ ಸುತ್ತಿಕೊಂಡಿತು. ಆ ಕಾಲದ ಹೆಂಗಸರು ಮೈಗಂಟಲಿ ಅಂತ ಪೆಟಿಕೋಟಿಗೆ ನೀರು ಚಿಮುಕಿಸಿಕೊಳ್ಳುತ್ತಿದ್ದರು ಅನ್ನುವ ಕತೆ ಓದಿದ್ದೆ. ಅದು ಬಹುಮಟ್ಟಿಗೆ ಅವರನ್ನು ಅಣಕಿಸುವವರು ಹಬ್ಬಿಸಿದ ಸುದ್ದಿ. ಆ ಏರಿನಲ್ಲಿ ನಿಂತವರಿಗೆ ನೀರಿನ ಅಗತ್ಯವೇ ಇರಲಿಲ್ಲ, ಗಾಳಿ ಸಾಕು.

ವಯಸ್ಸಾದ ಒಬ್ಬರು, ಕೆಟ್ಟ ಮನಸ್ಸಿನಿಂದಲ್ಲ, "ಆ ಕಾಲದಲ್ಲಿ ಇಲ್ಲಿ ಭಾರತದವರು ಇದ್ದರೇ?" ಅಂತ ಕೇಳಿದರು. ಪಟ್ನಾದಿಂದ ಬಂದ ಸೇಕ್ ದೀನ್ ಮಹಮ್ಮದ್ 1810ರಲ್ಲೇ ಲಂಡನ್ನಿನಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ತೆರೆದದ್ದನ್ನು ಹೇಳಿದೆ, ಸಾಹೇಬರ ಮಕ್ಕಳನ್ನು ಎತ್ತಿಕೊಂಡು ಹಡಗು ಹತ್ತಿ ಬಂದ ಆಯಾಗಳನ್ನೂ. ನಿಮ್ಮ ಊರ ಕಡೆ ಆಗ ಏನು ಉಡುತ್ತಿದ್ದರು ಅಂದರು. ಮೊಬೈಲಿನಲ್ಲಿ ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಮೈಸೂರಿನ ರಾಜಮನೆತನದ ಮೂವರು ಹೆಂಗಸರ ಚಿತ್ರ ತೋರಿಸಿದೆ. ಸಿಡುಬಿನ ಲಸಿಕೆಯ ಪ್ರಚಾರಕ್ಕೆ ಬರೆಸಿದ್ದಿರಬೇಕು ಅನ್ನುತ್ತಾರೆ ಇತಿಹಾಸಕಾರರು. ಆ ಹಿರಿಯರು ಬಹಳ ಹೊತ್ತು ನೋಡಿ, "ಇವರದು ನಿಮ್ಮ ಗೌನಿಗಿಂತ ಬೆಚ್ಚಗಿರಬೇಕು" ಅಂದರು. ಸುಳ್ಳಲ್ಲ, ನಾನು ಆಗ ಗಡಗಡ ನಡುಗುತ್ತಿದ್ದೆ. ಮುಂದಿನ ಸಲಕ್ಕೆ ಸ್ಪೆನ್ಸರ್ ಹೊಲಿಯಲೇಬೇಕು, ನಡುಪಟ್ಟಿಗೇ ನಿಲ್ಲುವ ಆ ಗಿಡ್ಡ ಕೋಟು.

ಒಂದು ಕೊರತೆ ಹೇಳದಿದ್ದರೆ ತಪ್ಪಾಗುತ್ತದೆ. ಕಿಸೆ ಇಲ್ಲ. ಹಿಂದಿನ ಅಗಲ ಲಂಗಗಳೊಳಗೆ ಸೊಂಟಕ್ಕೆ ಕಟ್ಟುವ ಚೀಲ ಅಡಗುತ್ತಿತ್ತು, ಈ ತೆಳು ಗೌನಿನಲ್ಲಿ ಅದು ಗಂಟಾಗಿ ಎದ್ದು ಕಾಣುತ್ತದೆ. ಅದಕ್ಕೇ ರೆಟಿಕ್ಯೂಲ್ ಅನ್ನುವ ಪುಟ್ಟ ಲಾಡಿ ಚೀಲ ಕೈಗೆ ಬಂತು. ಅದರಲ್ಲಿ ನನ್ನ ಫೋನು ಹಿಡಿಸಿತು, ಮನೆ ಕೀಲಿ ಹಿಡಿಸಲಿಲ್ಲ. ಆಗಿನ ಮದುವೆಯಾದ ಹೆಂಗಸಿಗೆ ಚೀಲದೊಳಗಿನ ದುಡ್ಡೂ ಕಾನೂನಿನ ಲೆಕ್ಕದಲ್ಲಿ ಗಂಡನದೇ. ಅದು ಬದಲಾಗಲು 1870 ಮತ್ತು 1882ರ ಕಾಯ್ದೆಗಳು ಬರಬೇಕಾಯಿತು.

ರಾತ್ರಿ ಮನೆಗೆ ಬಂದು ಅಂಚಿನ ಕೆಸರು ತೊಳೆದು, ನೀಲಿಯಲ್ಲಿ ಅದ್ದಿ, ತೆಳ್ಳಗೆ ಗಂಜಿ ಹಾಕಿದೆ. ಆಗಿನ ಅಗಸಗಿತ್ತಿಯರು ಮಾಡುತ್ತಿದ್ದದ್ದೂ ಅದೇ, ಹೊಸದೇನೂ ಕಲಿಯಬೇಕಾಗಲಿಲ್ಲ. ಬೆಳಿಗ್ಗೆ ಗೌನು ಹಿತ್ತಲ ತಂತಿಯ ಮೇಲೆ ಒಣಗುತ್ತಿದ್ದಾಗ ಅವ್ವನಿಗೆ ಕಾಲ್ ಮಾಡಿ, ಮೊದಲು ಬೆನ್ನು ತೋರಿಸಿದೆ.

"ಈಗ ಆತು ನೋಡು," ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಒಂದು ಹೊಲಿ. ಬೆನ್ನ ಅಷ್ಟು ಸಣ್ಣ ಬ್ಯಾಡ, ಮುಂದ ಪಿನ್ನೂ ಬ್ಯಾಡ, ಎರಡೂ ಕಡೆ ಕಿಸೆ ಇಡು."

"ಅವ್ವಾ, ಹಂಗ ಮಾಡಿದ್ರ ಅದು ನೈಟೀನೇ ಆಗತೈತಿ."

"ಆಗ್ಲಿ ಬಿಡು," ಅಂದಳು.